ಕಣಿವೆಯ ಎರಡು ತುದಿ: ಅರಿಜೋನಾ–ಯೂಟಾ ದಾರಿಯಲ್ಲಿ ಪನೋರಮಾ ತೆಗೆಯುವ ಬಗೆ

ಗ್ರ್ಯಾಂಡ್ ಕ್ಯಾನಿಯನ್ನಿಗೆ ಮೊದಲ ಸಲ ಹೋದಾಗ ಮೇಥರ್ ಪಾಯಿಂಟಿನ ಕಟಕಟೆಗೆ ಒರಗಿ ನಿಂತು, ಫೋನನ್ನು ಎಡಭುಜದಿಂದ ಬಲಭುಜದವರೆಗೆ ತಿರುಗಿಸಿ ಒಂದು ಪನೋರಮಾ ತೆಗೆದು ಅಮ್ಮನಿಗೆ ಕಳಿಸಿದ್ದೆ. ಧಾರವಾಡದಿಂದ ಬಂದ ಉತ್ತರ: "ಎಲ್ಲಾ ಐತಿ ಬಿಡವಾ, ಆದ್ರ ಏನೂ ಕಾಣವಲ್ದು."

ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. 446 ಕಿಲೋಮೀಟರ್ ಉದ್ದ, ಸುಮಾರು 1.6 ಕಿಲೋಮೀಟರ್ ಆಳ, ಕೆಲವೆಡೆ 29 ಕಿಲೋಮೀಟರ್ ಅಗಲ ಇರುವ ಕಣಿವೆ ಅವಳ ಫೋನಿನಲ್ಲಿ ಜಡೆಗೆ ಕಟ್ಟುವ ಕೆಂಪು ರಿಬ್ಬನ್ನಿನ ಹಾಗೆ ಕಂಡಿತ್ತು. ಆಮೇಲೆ ಅರಿಜೋನಾದ ಫೀನಿಕ್ಸ್ ಹತ್ತಿರವೇ ಮನೆ ಮಾಡಿದ್ದರಿಂದ ಈ ದಾರಿಗಳನ್ನು ಹಲವು ಸಲ ಸುತ್ತಿದ್ದೇನೆ. ತಿರುಗಿತಿರುಗಿ ಕಲಿತದ್ದು ಒಂದೇ: ಪನೋರಮಾದಲ್ಲಿ ಕಷ್ಟದ ಕೆಲಸ ಕ್ಯಾಮೆರಾ ತಿರುಗಿಸುವುದಲ್ಲ, ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತುಮಾಡಿಕೊಳ್ಳುವುದು. ಮಿಕ್ಕಿದ್ದೆಲ್ಲ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ಕೈಕೆಲಸ.

ಚೀಲಕ್ಕೆ ಏನು ಹಾಕಬೇಕು

ಕ್ಯಾಮೆರಾ ಇರುವವರು ಎರಡು ಲೆನ್ಸ್ ಇಟ್ಟುಕೊಂಡರೆ ಸಾಕು: ಸಾಧಾರಣ ನೋಟಕ್ಕೆ 24–70 ಎಂಎಂ ಒಂದು, ದೂರದ್ದನ್ನು ಹತ್ತಿರ ತರಲು 70–200 ಎಂಎಂ ಒಂದು. "ಕಣಿವೆಗೆ ವೈಡ್ ಲೆನ್ಸ್ ಬೇಡವೇ?" ಎಂದು ಎಲ್ಲರೂ ಕೇಳುತ್ತಾರೆ. ಹಾರ್ಸ್‌ಶೂ ಬೆಂಡಿನಂಥ, ನದಿ ಕುದುರೆಲಾಳದ ಹಾಗೆ ತಿರುಗುವ ಒಂದೆರಡು ಜಾಗಕ್ಕೆ ಬೇಕು, ಉಳಿದ ಕಡೆ ಅದು ಎದುರಿನ ಗುಡ್ಡವನ್ನು ಇರುವೆಗೂಡು ಮಾಡಿಬಿಡುತ್ತದೆ. ಟ್ರೈಪಾಡ್ ಗಟ್ಟಿ ಇರಲಿ. ಈ ಪ್ರಸ್ಥಭೂಮಿಯ ಅಂಚಿನಲ್ಲಿ ಗಾಳಿ ಸುಮ್ಮನೆ ಇರುವುದು ಅಪರೂಪ. ಗಾಳಿ ಇದ್ದಾಗ ಲೆನ್ಸ್ ಬದಲಿಸುವ ಕೆಲಸವನ್ನು ಕಾರಿನೊಳಗೆ, ಕಿಟಕಿ ಏರಿಸಿಕೊಂಡು ಮಾಡಿ. ಸೆನ್ಸರ್ ಮೇಲೆ ಕೂತ ಒಂದು ಕಣ ಐದು ಚಿತ್ರ ಜೋಡಿಸಿ ಮಾಡಿದ ಪನೋರಮಾದಲ್ಲಿ ಐದು ಸಲ ಆಕಾಶದಲ್ಲಿ ಕಾಣಿಸುತ್ತದೆ.

ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ. ಪೇಜ್, ಕಾಯೆಂಟಾ, ಮೆಕ್ಸಿಕನ್ ಹ್ಯಾಟ್‌ನಂಥ ಊರು ಸಿಕ್ಕಲ್ಲೆಲ್ಲ ಅರ್ಧ ಟ್ಯಾಂಕ್ ಇದ್ದರೂ ಪೆಟ್ರೋಲ್ ತುಂಬಿಸಿ. ನಮ್ಮ ಕಾರಿನಲ್ಲಿ ಪುಳಿಯೋಗರೆ ಗೊಜ್ಜು, ಚಕ್ಕುಲಿ ಡಬ್ಬಿ ಕಡ್ಡಾಯ. ಕ್ಯಾಮೆರಾ ಆ ಡಬ್ಬಿಗಳ ಕೆಳಗೆ ಇರಬಾರದು, ಮೇಲಿರಬೇಕು. ಇದು ತಮಾಷೆಯ ಮಾತಲ್ಲ. 1941ರಲ್ಲಿ ಅಮೆರಿಕದ ಹೆಸರಾಂತ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ನ್ಯೂ ಮೆಕ್ಸಿಕೋದಲ್ಲಿ ಸಾಂಟಾ ಫೆ ಕಡೆಗೆ ಕಾರಿನಲ್ಲಿ ಹೋಗುತ್ತಿದ್ದಾಗ ಹರ್ನಾಂಡೆಸ್ ಎಂಬ ಹಳ್ಳಿಯ ಮೇಲೆ ಚಂದ್ರ ಏರಿದ್ದನ್ನೂ, ಸಮಾಧಿಯ ಬಿಳಿ ಶಿಲುಬೆಗಳ ಮೇಲೆ ಕೊನೆಯ ಬಿಸಿಲು ಬಿದ್ದದ್ದನ್ನೂ ಕಂಡು ಗಾಡಿ ನಿಲ್ಲಿಸಿದರು. ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪಿನ ಅಳತೆ ನೆನಪಿದ್ದದ್ದರಿಂದ ಅದರಿಂದಲೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿಬಿಟ್ಟಿತ್ತು. ಅಂಥ ಕೈಯವರಿಗೇ ಮೀಟರ್ ಸಿಗಲಿಲ್ಲ ಅಂದಮೇಲೆ ಚಕ್ಕುಲಿ ಡಬ್ಬಿ ಸರಿಸುತ್ತ ಕೂರುವ ನಮ್ಮ ಗತಿ ಏನು!

ಯಾವ ಜಾಗಕ್ಕೆ ಯಾವ ಹೊತ್ತು

ಬೆಳಗಿನ ಮೊದಲ ಗಂಟೆ, ಸಂಜೆಯ ಕೊನೆಯ ಗಂಟೆ ಎಂಬ ಮಂತ್ರ ಎಲ್ಲರಿಗೂ ಬಾಯಿಪಾಠ. ಅದನ್ನು ಕಣ್ಣುಮುಚ್ಚಿ ಪಾಲಿಸಿದರೆ ಅರ್ಧ ಜಾಗಗಳಲ್ಲಿ ಮೋಸ ಹೋಗುತ್ತೀರಿ. ಆ ಜಾಗ ಯಾವ ದಿಕ್ಕಿಗೆ ಮುಖ ಮಾಡಿದೆ, ತಳ ಎಷ್ಟು ಆಳದಲ್ಲಿದೆ ಎಂದು ಮೊದಲು ನೋಡಬೇಕು.

ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣ ಅಂಚಿನಲ್ಲಿ ನಿಂತರೆ ನೀವು ಉತ್ತರಕ್ಕೆ ನೋಡುತ್ತಿರುತ್ತೀರಿ. ಬೆಳಗ್ಗೆ ಬಿಸಿಲು ಬಲದಿಂದ, ಸಂಜೆ ಎಡದಿಂದ ಬರುತ್ತದೆ. ಎರಡೂ ಅಡ್ಡ ಬೆಳಕು, ಎರಡೂ ಒಳ್ಳೆಯದೇ. ಒಂದೊಂದು ಮಡಿಕೆಗೂ ಒಂದು ಕಡೆ ಬೆಳಕು, ಇನ್ನೊಂದು ಕಡೆ ನೆರಳು ಸಿಗುತ್ತದೆ. ನಡುಮಧ್ಯಾಹ್ನ ಅದೇ ಕಣಿವೆ ಗೋಡೆಗೆ ಅಂಟಿಸಿದ ಪೋಸ್ಟರಿನ ಹಾಗೆ ಚಪ್ಪಟೆ. ಸಂಜೆಗೆ ಹೋಪಿ ಪಾಯಿಂಟ್ ಚೆನ್ನ, ಕಣಿವೆಯೊಳಕ್ಕೆ ಚಾಚಿಕೊಂಡಿರುವುದರಿಂದ ಎರಡು ಕಡೆಗೂ ನೋಟ ಬಿಚ್ಚಿಕೊಳ್ಳುತ್ತದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಆ ರಸ್ತೆಗೆ ಸ್ವಂತ ಕಾರು ಬಿಡುವುದಿಲ್ಲ, ಪಾರ್ಕಿನ ಬಸ್ಸಿನಲ್ಲೇ ಹೋಗಬೇಕು. ಸೂರ್ಯ ಮುಳುಗಿದ ಕೂಡಲೇ ಬಸ್ಸಿಗೆ ಸಾಲು ಬೆಳೆಯುತ್ತದೆ. ಸಾಲಿಗೆ ಓಡಬೇಡಿ. ಮುಳುಗಿದ ಮೇಲಿನ ಇಪ್ಪತ್ತು ನಿಮಿಷದಲ್ಲಿ ಪೂರ್ವದ ದಿಗಂತದಲ್ಲಿ ನೀಲಿ ಪಟ್ಟಿ, ಅದರ ಮೇಲೆ ಗುಲಾಬಿ ಪಟ್ಟಿ ಏಳುತ್ತವೆ. ನೀಲಿಯದು ಭೂಮಿಯದೇ ನೆರಳು. ಪನೋರಮಾಕ್ಕೆ ಅದಕ್ಕಿಂತ ಒಳ್ಳೆಯ ಆಕಾಶ ಬೇಕಿಲ್ಲ. ನದಿಯೂ ಬೇಕು ಎನ್ನುವವರು ಪೂರ್ವದ ತುದಿಯ ಲೈಪನ್ ಪಾಯಿಂಟಿಗೆ ಹೋಗಿ. ಮೇಥರ್‌ನಲ್ಲಿ ನಿಂತು ಕೊಲರಾಡೋ ನದಿಯನ್ನು ಹುಡುಕುತ್ತ ಕೂತರೆ ಕತ್ತು ನೋಯುತ್ತದೆ ಅಷ್ಟೆ.

ಯೂಟಾದ ಬ್ರೈಸ್ ಕ್ಯಾನಿಯನ್ ಪೂರ್ವಕ್ಕೆ ಮುಖ ಮಾಡಿದ ಬೋಗುಣಿ. ಅಲ್ಲಿ ಬೆಳಗ್ಗೆಯೇ ಸೈ. ಅಂಚು 2,400 ಮೀಟರಿಗಿಂತ ಎತ್ತರ, ಮೇ ತಿಂಗಳಲ್ಲೂ ಬೆರಳು ಮರಗಟ್ಟುತ್ತವೆ. ಮರುಭೂಮಿ ಅಂತ ಟೀ ಶರ್ಟಿನಲ್ಲಿ ಬಂದವರು ಕಾರಿನ ಹೀಟರ್ ಹಾಕಿಕೊಂಡು ಗಾಜಿನೊಳಗಿಂದ ಸೂರ್ಯೋದಯ ನೋಡುವುದನ್ನು ಕಂಡಿದ್ದೇನೆ.

ಹಾರ್ಸ್‌ಶೂ ಬೆಂಡ್ ಇದಕ್ಕೆ ತದ್ವಿರುದ್ಧ. ಪಶ್ಚಿಮಕ್ಕೆ ನೋಡುವ ಜಾಗ, ಸುಮಾರು 300 ಮೀಟರ್ ಆಳ. ಬೆಳಗ್ಗೆ ಬೇಗ ಹೋದರೆ ನದಿ ಕಪ್ಪು, ಸಂಜೆ ಹೋದರೆ ಸೂರ್ಯ ಎದುರಿಗೇ. ಹತ್ತು ಗಂಟೆಯ ನಂತರ ಬಿಸಿಲು ತಳಕ್ಕೆ ಇಳಿದಾಗ ನೀರು ಹಸಿರಾಗಿ ಹೊಳೆಯುತ್ತದೆ. ಕಟಕಟೆ ಇರುವುದು ಸ್ವಲ್ಪ ದೂರಕ್ಕೆ ಮಾತ್ರ, ಮಿಕ್ಕ ಅಂಚು ಬೋಳು. ಮಕ್ಕಳ ಕೈ ಹಿಡಿಯಲು ಒಬ್ಬರು, ಕ್ಯಾಮೆರಾ ಹಿಡಿಯಲು ಇನ್ನೊಬ್ಬರು.

ಎರಡು ರಾಜ್ಯಗಳ ಗಡಿಯಲ್ಲಿರುವ ಮಾನ್ಯುಮೆಂಟ್ ವ್ಯಾಲಿಯ ವಿಷಯದಲ್ಲಿ ಬೆಳಕಿಗಿಂತ ಗಡಿಯಾರ ಕಾಡಿಸುತ್ತದೆ. ಅರಿಜೋನಾ ಬೇಸಿಗೆಯಲ್ಲಿ ಗಡಿಯಾರ ಮುಂದೆ ತಿರುಗಿಸುವುದಿಲ್ಲ. ಅದರೊಳಗೇ ಇರುವ ನವಾಹೋ ನಾಡು, ಅಂದರೆ ನವಾಹೋ ಎಂಬ ಮೂಲನಿವಾಸಿಗಳ ಸೀಮೆ, ತಿರುಗಿಸುತ್ತದೆ. ಒಂದು ಜೂನ್ ಸಂಜೆ ಕಾಯೆಂಟಾದಲ್ಲಿ ಫೋನ್ ನೋಡಿದೆ, ಸೂರ್ಯಾಸ್ತ ಎಂಟೂವರೆ ಸುಮಾರಿಗೆ ಅಂತಿತ್ತು. ಕಾರಿನ ಗಡಿಯಾರದಲ್ಲಿ ಆರೂ ಮುಕ್ಕಾಲು. "ಬೇಕಾದಷ್ಟು ಟೈಮ್ ಇದೆ, ಕಾಫಿ ಕುಡಿದು ಹೋಗೋಣ" ಅಂದರು ನಮ್ಮವರು. ಕುಡಿದೆವು, ಜೊತೆಗೆ ಬಜ್ಜಿಯಂಥದ್ದೇನೋ ತಿಂದೆವು. ಕಾರಿನ ಗಡಿಯಾರ ಫೀನಿಕ್ಸ್‌ನದು, ಫೋನಿನ ಸೂರ್ಯಾಸ್ತ ನವಾಹೋ ಗಂಟೆಯದು ಎಂದು ಹೊಳೆದದ್ದು ದಾರಿಯಲ್ಲಿ, ನೆರಳುಗಳು ರಸ್ತೆಯನ್ನು ದಾಟಿದ ಮೇಲೆ. ನಾವು ಮುಟ್ಟುವಾಗ ಕೈಗವಸಿನ ಆಕಾರದ ಜೋಡಿ ಮಿಟ್ಟನ್ ಬಂಡೆಗಳ ನೆತ್ತಿಯ ಮೇಲೆ ಒಂದು ಬೆರಳಷ್ಟು ಕೆಂಪು ಉಳಿದಿತ್ತು. ಆದ್ದರಿಂದ ಗಡಿಯಾರ ಬಿಡಿ, ಸೂರ್ಯ ಮುಳುಗಲು ಇನ್ನೂ ಎಷ್ಟು ಹೊತ್ತಿದೆ ಎಂದು ಲೆಕ್ಕ ಹಾಕಿ. ತೋಳು ಚಾಚಿ ಬೆರಳುಗಳನ್ನು ಅಡ್ಡ ಹಿಡಿದರೆ ದಿಗಂತದಿಂದ ಸೂರ್ಯನವರೆಗಿನ ಒಂದೊಂದು ಬೆರಳಿಗೆ ಸುಮಾರು ಹದಿನೈದು ನಿಮಿಷ.

ಅಲ್ಲಿ ಸಂಜೆಯ ಬೆಳಕು ಬಂಡೆಗಳ ಮುಖಕ್ಕೆ ಬೀಳುತ್ತದೆ, ಬೆಳಗ್ಗೆ ಬಂಡೆಗಳು ಬರೀ ಕಪ್ಪು ಆಕಾರ. ಮಾರ್ಚ್ ಕೊನೆಯ ಹೊತ್ತಿಗೆ ಮತ್ತು ಸೆಪ್ಟೆಂಬರ್ ನಡುವಿಗೆ ಕೆಲವು ದಿನ ಪಶ್ಚಿಮದ ಮಿಟ್ಟನ್ನಿನ ನೆರಳು ನೇರವಾಗಿ ಪೂರ್ವದ ಮಿಟ್ಟನ್ನಿನ ಮೇಲೆ ಕೂರುತ್ತದೆ. ಇದು ನವಾಹೋ ಜನರ ಪಾರ್ಕ್, ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇಲ್ಲಿ ನಡೆಯುವುದಿಲ್ಲ. ಡ್ರೋನ್ ಇಲ್ಲೂ ಆ ಉದ್ಯಾನಗಳಲ್ಲೂ ನಿಷಿದ್ಧ. ಅಲ್ಲಿನ ಮನೆಗಳ, ಜನರ ಫೋಟೋ ಕೇಳದೆ ತೆಗೆಯಬೇಡಿ. ನಮ್ಮ ಅಂಗಳದಲ್ಲಿ ಯಾರೋ ಕ್ಯಾಮೆರಾ ಹಿಡಿದು ನಿಂತರೆ ನಮಗೆ ಹೇಗಾಗುತ್ತದೋ ಹಾಗೆ.

ಗೂಸ್‌ನೆಕ್ಸ್‌ನಲ್ಲಿ ಐದು ಚಿತ್ರ

ಕೈಕೆಲಸವನ್ನು ಒಂದೇ ಜಾಗದಲ್ಲಿ ನಿಂತು ಹೇಳುತ್ತೇನೆ. ಮೆಕ್ಸಿಕನ್ ಹ್ಯಾಟ್ ಹತ್ತಿರ ಯೂಟಾದ ಗೂಸ್‌ನೆಕ್ಸ್ ಸ್ಟೇಟ್ ಪಾರ್ಕ್ ಇದೆ. ಸ್ಯಾನ್ ಹ್ವಾನ್ ನದಿ ಇಲ್ಲಿ 300 ಮೀಟರ್ ಆಳದಲ್ಲಿ ಹಾವಿನ ಹಾಗೆ ತಿರುತಿರುಗಿ ಸುಮಾರು ಹತ್ತು ಕಿಲೋಮೀಟರ್ ಹರಿದು, ಕೊನೆಗೆ ಮುಂದೆ ಸಾಗಿದ್ದು ಎರಡೂವರೆ ಕಿಲೋಮೀಟರ್ ಕೂಡ ಇಲ್ಲ. ಒಂದೇ ಚಿತ್ರದಲ್ಲಿ ಹಿಡಿಯಲು ಹೋದರೆ ತಿರುವು ತುಂಡಾಗುತ್ತದೆ. ಪನೋರಮಾ ನಿಜವಾಗಿಯೂ ಬೇಕಾದ ಜಾಗ ಇದು. ತಳ ಆಳದಲ್ಲಿರುವುದರಿಂದ ಇಲ್ಲೂ ಬಿಸಿಲು ಸ್ವಲ್ಪ ಏರಿದ ಮೇಲೆಯೇ ಬನ್ನಿ.

ಹೆಜ್ಜೆ 1. ಕ್ಯಾಮೆರಾ ಮುಟ್ಟಬೇಡಿ. ಅಂಚಿನಲ್ಲಿ ಆಚೀಚೆ ನಡೆಯಿರಿ. ಎಡಗಡೆಗೆ ನಿಲ್ಲಿಸುವಂಥ ಏನಾದರೂ ಇದೆಯೇ ನೋಡಿ: ಮೂತಿ ಚಾಚಿದ ಒಂದು ಬಂಡೆ, ನದಿ ತಿರುಗಿ ಮರೆಯಾಗುವ ಮೂಲೆ. ಬಲಗಡೆಗೂ ಅಂಥದ್ದೊಂದು ಬೇಕು. ಎರಡೂ ಸಿಕ್ಕಮೇಲೆ ನಡುವೆ ಏನಿದೆ ಎಂದು ಕೇಳಿಕೊಳ್ಳಿ. ನಡುವೆ ಬರೀ ಖಾಲಿ ಇದ್ದರೆ ಅದು ಪನೋರಮಾ ಅಲ್ಲ, ಎರಡು ಬೇರೆ ಬೇರೆ ಫೋಟೋ. ನನ್ನ ಅನುಭವದಲ್ಲಿ 120 ಡಿಗ್ರಿ ದಾಟಿದ ಚಿತ್ರ ರಿಬ್ಬನ್ ಆಗುತ್ತದೆ.

ಹೆಜ್ಜೆ 2. ಟ್ರೈಪಾಡಿನ ಕಾಲುಗಳನ್ನು ಸರಿಮಾಡಿ ಅದರ ಬುಡದ ತಟ್ಟೆಯನ್ನೇ ಮಟ್ಟಕ್ಕೆ ತನ್ನಿ. ತುಂಬ ಜನ ಮೇಲಿನ ತಲೆಯನ್ನು ಮಾತ್ರ ಮಟ್ಟ ಮಾಡುತ್ತಾರೆ. ಮೊದಲ ಚಿತ್ರ ನೆಟ್ಟಗೆ ಬರುತ್ತದೆ, ತಿರುಗಿಸುತ್ತ ಹೋದ ಹಾಗೆ ಮೂರನೆಯದು, ನಾಲ್ಕನೆಯದು ಮೆಟ್ಟಿಲು ಹತ್ತಿದಂತೆ ಮೇಲೇರುತ್ತವೆ. ಕಾಲಿಡುವಾಗ ಕೆಳಗೆ ನೋಡಿ. ಈ ಸೀಮೆಯ ಮಣ್ಣಿನ ಮೇಲೆ ಕಪ್ಪಗೆ, ಹರಳುಹರಳಾಗಿ ಒಂದು ಪದರ ಇರುತ್ತದೆ, ಸುಟ್ಟ ರೊಟ್ಟಿಯ ಚಕ್ಕೆಯ ಹಾಗೆ. ಅದು ಜೀವ ಇರುವ ಪದರ, ಒಮ್ಮೆ ತುಳಿದರೆ ಕೂಡಿಕೊಳ್ಳಲು ದಶಕಗಳು ಬೇಕು. ಬಂಡೆಯ ಮೇಲೋ ತುಳಿದ ದಾರಿಯಲ್ಲೋ ನಿಲ್ಲಿ.

ಹೆಜ್ಜೆ 3. ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿ. ಅಗಲದ ಚಿತ್ರಕ್ಕೆ ಉದ್ದಕ್ಕೆ ಯಾಕೆ ಎಂದರೆ, ಅಗಲ ಹೇಗೂ ತಿರುಗಿಸಿದಾಗ ಸಿಗುತ್ತದೆ, ಎತ್ತರ ಆಮೇಲೆ ಎಲ್ಲಿಂದ ತರುತ್ತೀರಿ? ಫುಲ್ ಫ್ರೇಮ್ (ಹಳೆಯ ಫಿಲ್ಮ್ ರೀಲಿನಷ್ಟು ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸನ್ನು ಹೀಗೆ ನಿಲ್ಲಿಸಿದರೆ ಅಡ್ಡಕ್ಕೆ ಸುಮಾರು 38 ಡಿಗ್ರಿ, ಎತ್ತರಕ್ಕೆ 54 ಡಿಗ್ರಿ ಕಾಣುತ್ತದೆ. ಮೇಲಿನ ದಿಗಂತವೂ ಕೆಳಗಿನ ನದಿಯೂ ಒಂದೇ ಸಾಲಿನಲ್ಲಿ ಹಿಡಿಯುತ್ತವೆ.

ಹೆಜ್ಜೆ 4. ಎಲ್ಲವನ್ನೂ ಕಟ್ಟಿಹಾಕಿ. ಮ್ಯಾನುಯಲ್ ಮೋಡ್, ಎಫ್ 8 (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ 100 (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಎಂಬುದು). ಒಳ್ಳೆಯ ಬಿಸಿಲಿದ್ದರೆ ಶಟರ್ ತೆರೆದಿರುವ ಹೊತ್ತು ಒಂದು ಸೆಕೆಂಡಿನ 400ನೇ ಒಂದು ಭಾಗದ ಆಸುಪಾಸು. ಐದು ಚಿತ್ರಗಳಲ್ಲಿ ಯಾವುದು ಎಲ್ಲಕ್ಕಿಂತ ಬೆಳ್ಳಗಿದೆಯೋ ಅದರಲ್ಲಿ ಆಕಾಶ ಸುಟ್ಟುಹೋಗದಂತೆ ನೋಡಿಕೊಂಡು ಅದೇ ಅಳತೆಯನ್ನು ಎಲ್ಲಕ್ಕೂ ಇಡಿ. ಫೋಕಸ್ ದೂರಕ್ಕೆ ಹಿಡಿದು ಮ್ಯಾನುಯಲ್‌ಗೆ ಬದಲಿಸಿ. ಬಣ್ಣದ ಛಾಯೆ ಸರಿಮಾಡುವ ವೈಟ್ ಬ್ಯಾಲೆನ್ಸ್ ಆಟೋದಿಂದ ತೆಗೆದು ಡೇಲೈಟ್‌ಗೆ ಇಡಿ. ಆಟೋ ಬಿಟ್ಟರೆ ಕ್ಯಾಮೆರಾ ಸಂಜೆಯ ಕೆಂಪನ್ನು ತಪ್ಪು ಎಂದುಕೊಂಡು ತಿದ್ದಲು ಹೋಗುತ್ತದೆ. ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ.

ಹೆಜ್ಜೆ 5. ಪೋಲರೈಸರ್ (ಆಕಾಶದ ನೀಲಿಯನ್ನು ಗಾಢ ಮಾಡುವ ಫಿಲ್ಟರ್) ಕಳಚಿ. ಯೂಟಾದ ಡೆಡ್ ಹಾರ್ಸ್ ಪಾಯಿಂಟಿನಲ್ಲಿ, 600 ಮೀಟರ್ ಕೆಳಗೆ ಕೊಲರಾಡೋ ಬಳಸಿಹೋಗುವ ಆ ಅಂಚಿನಲ್ಲಿ, ಅರ್ಧ ಗಂಟೆ ಕಷ್ಟಪಟ್ಟು ತೆಗೆದ ಪನೋರಮಾ ಮನೆಗೆ ಬಂದು ಕಂಪ್ಯೂಟರಿನಲ್ಲಿ ಹೊಲಿದಾಗ, ಅಂದರೆ ಚಿತ್ರಗಳನ್ನು ಒಂದಕ್ಕೊಂದು ಜೋಡಿಸಿದಾಗ, ಆಕಾಶದ ನಡುವೆ ಕಡುನೀಲಿಯ ದೊಡ್ಡ ಕಲೆ. ಸೂರ್ಯನಿಂದ 90 ಡಿಗ್ರಿ ಕೋನದಲ್ಲಿ ಆ ಫಿಲ್ಟರ್ ಆಕಾಶವನ್ನು ಹೆಚ್ಚು ಕಪ್ಪಾಗಿಸುತ್ತದೆ, ಬೇರೆ ಕಡೆ ಕಡಿಮೆ. ಒಂಟಿ ಚಿತ್ರದಲ್ಲಿ ಚೆಂದ, ಅಗಲದ ಚಿತ್ರದಲ್ಲಿ ಬಟ್ಟೆಗೆ ಇಂಕು ಚೆಲ್ಲಿದ ಹಾಗೆ. ಗೊತ್ತಿದ್ದೂ ಕಳಚಲು ಮರೆತಿದ್ದೆ.

ಹೆಜ್ಜೆ 6. ನಿಮ್ಮ ಕೈಯನ್ನು ಲೆನ್ಸ್ ಮುಂದೆ ಹಿಡಿದು ಒಂದು ಚಿತ್ರ ತೆಗೆಯಿರಿ, ಶುರುವಿನ ಗುರುತು. ಎಡದಿಂದ ಬಲಕ್ಕೆ, ಪ್ರತಿ ಚಿತ್ರದ ಮೂರನೇ ಒಂದು ಭಾಗ ಹಿಂದಿನದರ ಮೇಲೆ ಬರುವಂತೆ ತಿರುಗಿಸುತ್ತ ಹೋಗಿ. ಅಮ್ಮ ಕೌದಿ ಹೊಲಿಯುವಾಗ ಒಂದು ತುಂಡಿನ ಅಂಚನ್ನು ಇನ್ನೊಂದರ ಮೇಲೆ ಧಾರಾಳವಾಗಿ ಮಡಚಿ ಹೊಲಿಯುತ್ತಿದ್ದಳು, ಜಿಪುಣತನ ಮಾಡಿದರೆ ಹೊಲಿಗೆ ಬಿಡುತ್ತದೆ ಎಂದು. ಇಲ್ಲೂ ಅದೇ. ಒಂದೊಂದು ಸಲಕ್ಕೆ 25 ಡಿಗ್ರಿ ಸರಿದರೆ ಐದು ಚಿತ್ರಕ್ಕೆ 120 ಡಿಗ್ರಿ ತುಂಬಿ ಸ್ವಲ್ಪ ಮಿಗುತ್ತದೆ. ಆ ಮಿಗತೆ ಕತ್ತರಿಸಲು ಬೇಕು. ಕೊನೆಗೆ ಮತ್ತೆ ಕೈಯ ಚಿತ್ರ. ಹದಿನೈದು ಸೆಕೆಂಡಿನೊಳಗೆ ಮುಗಿಸಿ, ಮೋಡದ ನೆರಳು ಕಣಿವೆಯಲ್ಲಿ ನಿಮಗಿಂತ ಜೋರಾಗಿ ಓಡುತ್ತದೆ.

ಟ್ರೈಪಾಡ್ ಇಲ್ಲದಿದ್ದರೆ? ಹತ್ತಿರದಲ್ಲಿ ಏನೂ ಇಲ್ಲದ ನೋಟಕ್ಕೆ ಕೈಯಲ್ಲೇ ಹಿಡಿದು ತೆಗೆದರೂ ಹೊಲಿಗೆ ಕೂರುತ್ತದೆ. ಎದುರಿಗೆ ಎರಡು ಮೀಟರಿನಲ್ಲಿ ಜುನಿಪರ್ ಗಿಡವೋ ಬಂಡೆಯೋ ಇದ್ದರೆ ಮಾತ್ರ ತೊಂದರೆ. ಮೂಗಿನ ಮುಂದೆ ಹೆಬ್ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಹಿಂದಿನ ಗೋಡೆಯ ಮೇಲೆ ಆಚೀಚೆ ಜಿಗಿಯುತ್ತದೆ. ಕ್ಯಾಮೆರಾ ತೋಳಿನ ಜೊತೆ ಬೀಸಿ ಸರಿದಾಗಲೂ ಆಗುವುದು ಅದೇ; ಗಿಡಕ್ಕೆ ಎರಡು ಕಾಂಡ ಹುಟ್ಟುತ್ತವೆ. ಲೆನ್ಸ್ ಇದ್ದ ಜಾಗದಲ್ಲೇ ಇರಲಿ, ಅದರ ಸುತ್ತ ನೀವು ತಿರುಗಿ, ಕಂಬಕ್ಕೆ ಕಟ್ಟಿದ ಎತ್ತಿನ ಹಾಗೆ.

ಗೂಸ್‌ನೆಕ್ಸ್ ಮುಗಿಸಿ ಇನ್ನೂ ಧೈರ್ಯ ಉಳಿದಿದ್ದರೆ ಮೋಕಿ ಡಗ್‌ವೇ ಹತ್ತಿ ಮ್ಯೂಲಿ ಪಾಯಿಂಟಿಗೆ ಹೋಗಿ. 1950ರ ದಶಕದಲ್ಲಿ ಯುರೇನಿಯಂ ಅದಿರಿನ ಲಾರಿಗಳಿಗೆಂದು ಬಂಡೆ ಕೊರೆದು ಮಾಡಿದ ದಾರಿ. ಐದು ಕಿಲೋಮೀಟರ್ ಜಲ್ಲಿ, 11 ಪ್ರತಿಶತ ಏರು, ಅಂಚಿಗೆ ತಡೆಗೋಡೆ ಇಲ್ಲ. ಮಳೆ ಬಂದಿದ್ದರೆ ಬೇಡವೇ ಬೇಡ. ಮೇಲೆ ಹತ್ತಿದಮೇಲೆ ದಿಗಂತದಲ್ಲಿ ಮಾನ್ಯುಮೆಂಟ್ ವ್ಯಾಲಿಯ ಬಂಡೆಗಳು ಹಲ್ಲುಸಾಲಿನ ಹಾಗೆ ಕಾಣುತ್ತವೆ. ಇಲ್ಲಿ 70–200 ಲೆನ್ಸ್ ತೆಗೆಯಿರಿ. 150 ಎಂಎಂನಲ್ಲಿ ನಾಲ್ಕೈದು ಚಿತ್ರ ಹೊಲಿದರೆ ಒಟ್ಟು ಅಗಲ 40 ಡಿಗ್ರಿಯೂ ಆಗುವುದಿಲ್ಲ, ಆದರೆ ಮುಸ್ಸಂಜೆಯ ಮಬ್ಬಿನಲ್ಲಿ ಒಂದರ ಹಿಂದೊಂದು ನೀಲಿ ಪದರಗಳು ಎದ್ದು ನಿಲ್ಲುತ್ತವೆ. ನನಗೆ ಕೇಳಿದರೆ ನಿಜವಾದ ಪನೋರಮಾ ಇದೇ.

ಫೋನ್ ಮಾತ್ರ ಇರುವವರಿಗೆ

ಪನೋರಮಾ ಮೋಡಿನಲ್ಲಿ ಶುರು ಮಾಡುವ ಮುಂಚೆ ಆಕಾಶದ ಬೆಳ್ಳಗಿನ ಭಾಗದ ಮೇಲೆ ಬೆರಳು ಒತ್ತಿಹಿಡಿದು ಬೆಳಕನ್ನು ಲಾಕ್ ಮಾಡಿ. ನಿಧಾನಕ್ಕೆ ತಿರುಗಿ, ಬೇಕಾದಲ್ಲಿ ನಿಲ್ಲಿಸಿ. ಪಟ್ಟಿ ತುಂಬುವವರೆಗೂ ತಿರುಗಲೇಬೇಕು ಎಂದು ಯಾರೂ ಹೇಳಿಲ್ಲ. ಚೌಕಟ್ಟಿನಲ್ಲಿ ಓಡಾಡುವ ಜನರಿದ್ದರೆ ಅವರು ದಾಟುವವರೆಗೆ ಕಾಯಿರಿ, ಇಲ್ಲದಿದ್ದರೆ ಅರ್ಧ ದೇಹದ ಅಂಕಲ್ ಒಬ್ಬರು ಕಣಿವೆಯಲ್ಲಿ ತೇಲುತ್ತಿರುತ್ತಾರೆ. ಜ಼ಯಾನ್‌ ಎಂಬ ಯೂಟಾದ ಕಣಿವೆಯಲ್ಲಿ ಗೋಡೆಗಳು ತಲೆಯ ಮೇಲೇ ಎದ್ದಿರುವಾಗ ಫೋನನ್ನು ಅಡ್ಡ ಹಿಡಿದು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಈ ಉಪಾಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಜುಲೈ ಬಿಸಿಲಿನಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಫೋನ್ ಕಾದು ಕೆಲಸ ನಿಲ್ಲಿಸುತ್ತದೆ, ನೆರಳಲ್ಲಿಡಿ.

ಊರಿನಿಂದ ಹೊರಡುವವರು ಬರುವ ಮುಂಚೆ ಬಾದಾಮಿಗೊಂದು ಸಲ ಹೋಗಿಬನ್ನಿ. ಅದೂ ಕೆಂಪು ಮರಳುಗಲ್ಲೇ. ಭೂತನಾಥ ಗುಡಿಯ ಕಡೆ ನಿಂತು ಎಡಗಡೆಯ ಗುಹೆಗಳ ಗುಡ್ಡದಿಂದ ಅಗಸ್ತ್ಯ ತೀರ್ಥದ ನೀರು ದಾಟಿ ಬಲಗಡೆಯ ಕೋಟೆಯ ಬಂಡೆಯವರೆಗೆ ತೆಗೆದರೆ ಎರಡು ತುದಿ, ನಡುವೆ ಒಂದು ವಿಷಯ, ಎಲ್ಲ ಅಲ್ಲೇ ಅಭ್ಯಾಸವಾಗುತ್ತದೆ.

ಮಳೆಗಾಲದ ಮಾತು

ಈ ಮರುಭೂಮಿಗೂ ಮುಂಗಾರು ಇದೆ, ಹೆಸರೂ ಮಾನ್ಸೂನೇ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಗುಡುಗುಮೋಡ ಕಟ್ಟಿ, ದೂರದಲ್ಲಿ ಮಳೆ ಪರದೆಯಂತೆ ಇಳಿಯುವುದನ್ನು ನೋಡಬೇಕು. ಪನೋರಮಾಕ್ಕೆ ವರ್ಷದ ಅತ್ಯುತ್ತಮ ಆಕಾಶ, ಅಷ್ಟೇ ಅಪಾಯದ್ದೂ ಹೌದು. ಗುಡುಗು ಕೇಳಿಸಿದರೆ ಅಂಚು ಬಿಟ್ಟು ಕಾರಿಗೆ ಬನ್ನಿ. ಬೋಳು ಬಂಡೆಯ ಮೇಲೆ ಲೋಹದ ಟ್ರೈಪಾಡಿನ ಪಕ್ಕ ನಿಲ್ಲುವ ಹೊತ್ತಲ್ಲ. ಇಕ್ಕಟ್ಟಿನ ಕಮರಿಗಳಿಗೆ ಮೇಲೆ ಎಲ್ಲೋ ಬಿದ್ದ ಮಳೆಯ ನೀರು ನುಗ್ಗುತ್ತದೆ. 1997ರ ಆಗಸ್ಟ್ 12ರಂದು ಲೋವರ್ ಆಂಟಿಲೋಪ್ ಕ್ಯಾನಿಯನ್ನಿನಲ್ಲಿ ಹೀಗೆ ಹನ್ನೊಂದು ಜನ ಸತ್ತರು. ಈಗ ಅಲ್ಲಿಗೆ ನವಾಹೋ ಗೈಡ್ ಇಲ್ಲದೆ ಬಿಡುವುದಿಲ್ಲ. ಗೈಡ್ ಇವತ್ತು ಬೇಡ ಅಂದರೆ ವಾದಿಸಬೇಡಿ.

ಇನ್ನೊಂದು: ಮಾನ್ಯುಮೆಂಟ್ ವ್ಯಾಲಿಗೆ ಇಳಿಯುವ 163ನೇ ಹೆದ್ದಾರಿಯ 13ನೇ ಮೈಲುಗಲ್ಲಿನ ಬಳಿ ರಸ್ತೆಯ ನಟ್ಟನಡುವೆ ಕೂತು ಫೋಟೋ ತೆಗೆಸಿಕೊಳ್ಳುವವರ ಜಾತ್ರೆ ಇರುತ್ತದೆ. ಅದೇ ರಸ್ತೆಯಲ್ಲಿ ಲಾರಿಗಳೂ ಬರುತ್ತವೆ. ಪಕ್ಕದ ತಂಗುಜಾಗದಿಂದ ಉದ್ದದ ಲೆನ್ಸ್ ಹಾಕಿದರೆ ರಸ್ತೆಯೂ ಬಂಡೆಗಳೂ ಹತ್ತಿರ ಬಂದು ಚಿತ್ರ ಇನ್ನೂ ಚೆನ್ನಾಗಿರುತ್ತದೆ.

ಹೊಲಿಗೆ, ಮತ್ತೆ ಗೋಡೆ

ಲೈಟ್‌ರೂಮ್ ಎಂಬ ಫೋಟೋ ತಂತ್ರಾಂಶದಲ್ಲಿ ಐದು ಚಿತ್ರ ಆರಿಸಿ ಪನೋರಮಾ ಮರ್ಜ್ ಕೊಡಿ. ಒಂದೇ ಸಾಲಿನ ಅಗಲದ ನೋಟಕ್ಕೆ ಸಿಲಿಂಡ್ರಿಕಲ್ ಆರಿಸಿ. ದುಡ್ಡು ಕೊಡದೆ ಮಾಡಬೇಕೆಂದರೆ ಹಗಿನ್ ಎಂಬ ತಂತ್ರಾಂಶ ಇದೆ, ಸ್ವಲ್ಪ ತಾಳ್ಮೆ ಕೇಳುತ್ತದೆ. ಅಂಚಿನ ಖಾಲಿ ಜಾಗ ತುಂಬಲು ಬೌಂಡರಿ ವಾರ್ಪ್ ಎಂಬ ಗುಂಡಿಯನ್ನು ಕೊನೆಯವರೆಗೆ ಎಳೆಯುವ ಆಸೆ ಆಗುತ್ತದೆ. ಎಳೆದರೆ ಗುಡ್ಡ ಸೊಟ್ಟಗಾಗುತ್ತದೆ. ಅದಕ್ಕಿಂತ ಕತ್ತರಿಸುವುದು ಮೇಲು. ಬಣ್ಣ ಏರಿಸುವಾಗ ಕೈ ಬಿಗಿಯಿರಲಿ, ಆ ಕಲ್ಲು ಹುಟ್ಟಾ ಕೆಂಪು.

24 ಮೆಗಾಪಿಕ್ಸೆಲ್ ಕ್ಯಾಮೆರಾದ ಐದು ಚಿತ್ರ ಹೊಲಿದು ಕತ್ತರಿಸಿದರೆ ಸುಮಾರು 13,000 ಪಿಕ್ಸೆಲ್ ಅಗಲ, 4,500ರ ಆಸುಪಾಸು ಎತ್ತರ ಉಳಿಯುತ್ತದೆ. ನಾಲ್ಕಡಿ ಅಗಲಕ್ಕೆ ಪ್ರಿಂಟ್ ಹಾಕಿಸಿದರೂ ಇಂಚಿಗೆ 270 ಪಿಕ್ಸೆಲ್, ಮೂಗು ತಾಗಿಸಿ ನೋಡಬಹುದು. ಅದನ್ನೇ ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಪ್ರಿಂಟ್ ಹಾಕಿಸುವ ಮುಂಚೆ ಗೋಡೆ ಅಳೆಯಿರಿ. ಗೂಸ್‌ನೆಕ್ಸ್ ಚಿತ್ರವನ್ನು ಅಮ್ಮನಿಗೆಂದು ಕೊಳವೆಯಲ್ಲಿ ಸುತ್ತಿ ಧಾರವಾಡಕ್ಕೆ ಒಯ್ದೆ. ಕ್ಯಾಲೆಂಡರಿಗೂ ಸ್ವಿಚ್ ಬೋರ್ಡಿಗೂ ನಡುವೆ ಇದ್ದ ಜಾಗ ಮೂರೂ ಮುಕ್ಕಾಲು ಅಡಿ. ಅಮ್ಮ ಕ್ಯಾಲೆಂಡರನ್ನು ಅಡುಗೆಮನೆಗೆ ಸಾಗಿಸಿದಳು.